'ಡಾಂಕೆ' ಎಂದರೆ ಬೇಡ

ಪ್ರಿಯ ಗೆಳೆಯ,

ನಿನಗೆ ಜರ್ಮನಿಯ ವೀಸಾ ಸಿಕ್ಕಿದ ಸುದ್ದಿ ತಿಳಿದು ಖುಷಿಯಾಯಿತು. ಏನೇನು ತರಲಿ ಎಂದು ಕೇಳಿದ್ದೀಯ. ದಪ್ಪ ಕೋಟು ಇಲ್ಲೇ ಕೊಳ್ಳಬಹುದು. ಸಾರಿನ ಪುಡಿ ಮಾತ್ರ ಅಮ್ಮನ ಕೈಯದೇ ಆಗಬೇಕು. ಚಳಿಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಚಳಿಗೆ ನಾನು ಹೇಗೋ ಒಗ್ಗಿಕೊಂಡೆ. ಸೋತದ್ದು ಒಂದು ತುಂಡು ಕೇಕಿನ ಮುಂದೆ.

ಸ್ಟುಟ್‌ಗಾರ್ಟಿಗೆ ಬಂದ ಎರಡನೇ ತಿಂಗಳು ಸಹೋದ್ಯೋಗಿಯೊಬ್ಬರು ಮನೆಗೆ ಕರೆದಿದ್ದರು. ಊಟವಿರುತ್ತದೆಂದು ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆ. ಇದ್ದದ್ದು ಕಾಫಿ, ಪ್ಲಮ್ ಹಣ್ಣಿನ ಕೇಕು. ಮೊದಲ ತುಂಡು ಮುಗಿದಾಗ, ಇನ್ನೊಂದು ಹಾಕಲೇ ಎಂದು ಆಕೆ ಕೇಳಿದರು. ನನಗೆ ಬರುತ್ತಿದ್ದ ನಾಲ್ಕು ಜರ್ಮನ್ ಪದಗಳಲ್ಲಿ ಅತಿ ವಿನಯದ್ದನ್ನು ಆರಿಸಿ 'ಡಾಂಕೆ' ಎಂದೆ. ಧನ್ಯವಾದ ಹೇಳಿದರೆ ಹಾಕಿ ಎಂದೇ ಅಲ್ಲವೇ? ಆಕೆ ನಗುತ್ತಾ ಕೇಕನ್ನು ಆಚೆ ಸರಿಸಿದರು. ಏನಾದರೂ ಕೊಡಬಂದಾಗ ಬರಿದೇ 'ಡಾಂಕೆ' ಎಂದರೆ ಇಲ್ಲಿ 'ಬೇಡ' ಎಂದಂತೆ. ಬೇಕಿದ್ದರೆ 'ಯಾ, ಗೆರ್ನೆ' ಎನ್ನಬೇಕು. ನಮ್ಮಲ್ಲಾದರೆ ಮೊದಲ 'ಬೇಡ'ಕ್ಕೆ ಬೆಲೆಯೇ ಇಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಇಳಿಯುತ್ತದೆ. ಅಂದು ರಾತ್ರಿ ಕೋಣೆಯಲ್ಲಿ ಅವಲಕ್ಕಿ ಕಲಸಿಕೊಂಡು ತಿನ್ನುವಾಗ, ಎಂಥ ಜಿಪುಣರು ಎಂದು ಬೈದುಕೊಂಡೆ. ಪಾಪ, ಅವರು ನನ್ನ ಮಾತನ್ನು ನಂಬಿದ್ದರು. ಅದು ಹೊಳೆಯಲು ತಿಂಗಳುಗಳೇ ಹಿಡಿದವು.

ಭಾನುವಾರದ ವಿಶ್ರಾಂತಿಗೆ ಇಲ್ಲಿ ಸಂವಿಧಾನದ ರಕ್ಷಣೆಯೇ ಇದೆ. ಅಂಗಡಿಗಳು ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡು.

ಈ ಭಾಗದ ಇನ್ನೊಂದು ಪದ್ಧತಿ 'ಕೇರ್‌ವೋಖೆ'. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಫಲಕ ನೇತುಹಾಕುತ್ತಾರೆ. ನಾನು ಅದನ್ನು ಜಾಹೀರಾತೆಂದು ತಿಳಿದು ಸುಮ್ಮನಿದ್ದೆ. ಕೆಳಮನೆಯ ಅಜ್ಜಿ ಬಂದು ಪೊರಕೆಯನ್ನು ಕೈಗೇ ಕೊಟ್ಟರು. ಆ ಕಟ್ಟಡದಲ್ಲಿ ನನ್ನನ್ನು ಮೊದಲು ಮಾತನಾಡಿಸಿದವರು ಅವರೇ, ಅದೂ ಬೈಯಲು! ಆಮೇಲೆ ನನ್ನ ಜರ್ಮನ್ ಪಳಗಿದ್ದು ಆ ಮೆಟ್ಟಿಲುಗಳ ಮೇಲೆಯೇ. ಮೂರು ವರ್ಷವಾದರೂ ನಾವಿಬ್ಬರೂ 'ಝೀ' ಎಂದೇ ಮಾತನಾಡುತ್ತೇವೆ, ಎಂದರೆ 'ನೀವು'. 'ಡೂ', ಅಂದರೆ 'ನೀನು', ಎನ್ನೋಣವೇ ಎಂದು ಹಿರಿಯರೇ ಮೊದಲು ಹೇಳಬೇಕು. ಇದೊಂದು ನಮಗೆ ಸಲೀಸು, ಇಂಗ್ಲಿಷಿನಲ್ಲಿ ಕಳೆದುಹೋಗುವ ಬಹುವಚನ ಇಲ್ಲಿ ಮತ್ತೆ ಸಿಗುತ್ತದೆ.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಊರಿನಲ್ಲಿ ಆಗ ರಾತ್ರಿ ಒಂಬತ್ತು. ಮೊದಲ ಚಳಿಗಾಲ ದಿನವೂ ಮನೆಗೆ ಫೋನ್ ಮಾಡಿದೆ. ಹಂಬಲ ಹೆಚ್ಚಿತೇ ಹೊರತು ಇಳಿಯಲಿಲ್ಲ. ನೀನು ವಾರಕ್ಕೆರಡು ಸಲ ಮಾಡು. ಮಿಕ್ಕ ಸಂಜೆ ಭಾಷೆಯ ತರಗತಿಗೋ ಈಜುಕೊಳಕ್ಕೋ ಹೋಗು, ಕೋಣೆಯಲ್ಲಿ ಮಾತ್ರ ಕೂರಬೇಡ.

ಕಳೆದ ವರ್ಷ ಶಿವಮೊಗ್ಗಕ್ಕೆ ಹೋಗಿದ್ದಾಗ ಸೋದರತ್ತೆ ಬಂದರು. ಕಾಫಿ ಕೊಡಲೇ ಎಂದೆ. "ಅಯ್ಯೋ, ಬೇಡಪ್ಪಾ" ಎಂದರು. ಸರಿ ಎಂದು ಎದುರಿಗೇ ಕುಳಿತು ಒಂದು ಗಂಟೆ ಹರಟಿದೆ. ಜರ್ಮನಿಗೆ ಹೋದವನು ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ ಎಂದು ಅತ್ತೆ ಇಂದಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರಂತೆ.

ಅವಲಕ್ಕಿಯನ್ನೂ ತಾ. ಬಂದ ದಿನ ನೇರ ನನ್ನ ಮನೆಗೇ ಬಾ. ಊಟಕ್ಕೆ ಮೂರು ಸಲ ಕೇಳುತ್ತೇನೆ.

ನಿನ್ನ ಗೆಳೆಯ