ಅಪ್ಪನ ಹಿಮಸಾರಂಗಕ್ಕೆ ನಾಲ್ಕನೇ ಸ್ಥಾನ

ಸೇಂಟ್ ಪಾಲ್, ಮಿನೆಸೋಟ
ಡಿಸೆಂಬರ್ 14

ತೀರ್ಥರೂಪರಾದ ಅಪ್ಪನಿಗೆ ಮತ್ತು ಮಾತೋಶ್ರೀ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ಕೊನೆಕೊಯ್ಲು ಎಲ್ಲಿಗೆ ಬಂತು? ಕೊನೆಗೌಡ ಈ ಸಲವಾದರೂ ಹೇಳಿದ ದಿನಕ್ಕೆ ಬಂದನೇ, ಇಲ್ಲ ಅಮ್ಮ ಇನ್ನೂ ದಾರಿ ನೋಡುತ್ತಲೇ ಇದ್ದಾಳೆಯೇ?

ಅಪ್ಪಾ, ನಿಮ್ಮ ಕಾಗದ ಕೈಸೇರಿತು. ತೋಟದ ವಿಷಯ ನಾಲ್ಕು ಸಾಲು, ಮಂಡಿನೋವಿನ ವಿಷಯ ಒಂದು ಸಾಲು, ಉಳಿದದ್ದೆಲ್ಲ ಕೆಂಪು ಮೂಗಿನ ಹಿಮಸಾರಂಗದ ಪರ ವಕಾಲತ್ತು! ಹೋದ ಚಳಿಗಾಲದಲ್ಲಿ ಮೊಮ್ಮಗನ ಪಕ್ಕ ಕುಳಿತು ನೋಡಿದ ಕ್ರಿಸ್‌ಮಸ್ ಕಾರ್ಟೂನುಗಳಲ್ಲಿ ಅದೇ ಮೇಲು ಎಂದು ನೀವು ಆಗಲೇ ತೀರ್ಪು ಕೊಟ್ಟಿದ್ದಿರಿ. ನಾನು ಒಪ್ಪಿರಲಿಲ್ಲ. ಫೋನಿನಲ್ಲಿ ವಾದ ಮಾಡೋಣವೆಂದರೆ ಅಮ್ಮ ನಡುವೆ ಬಾಯಿ ಹಾಕಿ ಇವತ್ತು ಏನು ಅಡುಗೆ ಎಂದು ಕೇಳುತ್ತಾಳೆ. ಆದ್ದರಿಂದ ನನ್ನ ಪಟ್ಟಿಯನ್ನು ಕಾರಣಸಹಿತ ಬರೆದೇ ಕಳಿಸುತ್ತಿದ್ದೇನೆ.

ಇವು ಸಿನಿಮಾಗಳಲ್ಲ, ಟಿ.ವಿ.ಗೆಂದೇ ತಯಾರಾದವು, ಜಾಹೀರಾತೂ ಸೇರಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. 1962ರಲ್ಲಿ ಕಣ್ಣು ಮಂಜಾದ ಮಿಸ್ಟರ್ ಮಗೂ ಎಂಬ ಕಾರ್ಟೂನು ಮುದುಕನನ್ನು ಡಿಕನ್ಸ್ ಕಥೆಯ ಜಿಪುಣನ ಪಾತ್ರಕ್ಕೆ ಹಾಕಿ ಎನ್‌ಬಿಸಿ ವಾಹಿನಿ ತೋರಿಸಿತು. ಅಲ್ಲಿಂದ ಶುರುವಾಯಿತು. ಇಲ್ಲಿಯವರು ಇಂದಿಗೂ ಬಿಡದೆ ನೋಡುವ ಬಹುಪಾಲು ಕಾರ್ಯಕ್ರಮಗಳು ಮುಂದಿನ ಏಳೆಂಟು ವರ್ಷಗಳಲ್ಲೇ ಬಂದುಬಿಟ್ಟವು. ನಿಮಗೆ ಹಿಮ ಎತ್ತುವ ಸಲಿಕೆ ಕೊಟ್ಟು ನಕ್ಕರಲ್ಲ, ಆ ಪಕ್ಕದ ಮನೆಯ ಅಜ್ಜಿ ಆಗ ಪುಟ್ಟ ಹುಡುಗಿ. ವರ್ಷಕ್ಕೆ ಒಂದು ರಾತ್ರಿ ಮಾತ್ರ ಪ್ರಸಾರ. ಅಂದು ಜ್ವರ ಬಂದು ಮಲಗಿದರೋ, ಅಪ್ಪ ಬೇರೆ ವಾಹಿನಿ ಹಾಕಿಕೊಂಡರೋ, ಮುಂದಿನ ಡಿಸೆಂಬರಿನವರೆಗೆ ಕಾಯಬೇಕು. ದೂರದರ್ಶನದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಕರೆಂಟು ಹೋದಾಗ ನಾನು ಮಾಡುತ್ತಿದ್ದ ರಂಪ ನಿಮಗೆ ನೆನಪಿರಬೇಕು. ಅರವತ್ತು ದಾಟಿದವರೂ ಇವುಗಳ ವಿಷಯಕ್ಕೆ ಇಷ್ಟು ಹಟ ಹಿಡಿದು ವಾದಿಸುವುದು ಏಕೆಂದು ಆ ಅಜ್ಜಿಯ ಮಾತು ಕೇಳಿದ ಮೇಲೆ ನನಗೆ ತಿಳಿಯಿತು.

ಈಗ ನಿಮ್ಮ ರುಡಾಲ್ಫ್. ಮೊದಲೇ ಹೇಳುತ್ತೇನೆ, ಕೈಕೆಲಸಕ್ಕೆ ನೂರಕ್ಕೆ ನೂರು. 1964ರ ಡಿಸೆಂಬರ್ 6ರಂದು ಮೊದಲು ತೋರಿಸಿದ ಈ ಅಮೆರಿಕನ್ ಕಾರ್ಯಕ್ರಮದ ಗೊಂಬೆಗಳನ್ನು ಮಾಡಿ ಕುಣಿಸಿದ್ದು ಟೋಕಿಯೋದಲ್ಲಿ, ತದಹಿತೊ ಮೊಚಿನಾಗಾ ಎಂಬವರ ಸ್ಟುಡಿಯೋದಲ್ಲಿ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತಷ್ಟು ಸರಿಸಿ ಇನ್ನೊಂದು ಚಿತ್ರ. ಧ್ವನಿಗಳೆಲ್ಲ ಕೆನಡಾದ ಟೊರಾಂಟೋದಲ್ಲಿ ಮುದ್ರಣವಾದವು. ಆ ಗೊಂಬೆಗಳಲ್ಲಿ ಉಳಿದಿರುವ ರುಡಾಲ್ಫ್ ಮತ್ತು ಸಾಂಟಾ 2020ರಲ್ಲಿ 3,68,000 ಡಾಲರಿಗೆ ಹರಾಜಾಗಿ, ಈಗ ಅಟ್ಲಾಂಟಾದ ಗೊಂಬೆಯಾಟದ ಸಂಗ್ರಹಾಲಯದಲ್ಲಿವೆ. ಒಂದು ತಮಾಷೆಯನ್ನೂ ಕೇಳಿ. ಆರಂಭದ ಫಲಕದಲ್ಲಿ ಇಸವಿಯನ್ನು ರೋಮನ್ ಅಂಕಿಯಲ್ಲಿ ಬರೆಯುವಾಗ ಒಂದು ಅಕ್ಷರ ಬಿಟ್ಟುಹೋಗಿ 1964ರ ಬದಲು 1164 ಆಗಿದೆ. ನಿಮ್ಮ ಕೈಗೆ ಸಿಕ್ಕಿದ್ದರೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದಿರಿ.

ನನ್ನ ತಕರಾರು ಕಥೆಯ ಮೇಲೆ. ಮರಿಯ ಮೂಗು ಹೊಳೆಯುತ್ತದೆಂದು ಅದರ ಅಪ್ಪನೇ ನಾಚಿಕೆಪಟ್ಟು ಮಣ್ಣು ಮೆತ್ತಿ ಮುಚ್ಚುತ್ತಾನೆ. ಆಟ ಕಲಿಸುವ ಗುರು ಇನ್ನು ಮುಂದೆ ಇವನನ್ನು ಆಟಕ್ಕೆ ಸೇರಿಸಬೇಡಿ ಎನ್ನುತ್ತಾನೆ. ಸಾಂಟಾ ಕ್ಲಾಸನೇ ಮುಖ ಸಿಂಡರಿಸುತ್ತಾನೆ. ಕೊನೆಗೆ ಹಿಮಬಿರುಗಾಳಿ ಎದ್ದು ದಾರಿ ಕಾಣದಾದಾಗ ಆ ಮೂಗು ದೀಪವಾಗಿ ಕೆಲಸಕ್ಕೆ ಬರುತ್ತದೆ, ಆಮೇಲೆ ಎಲ್ಲರಿಗೂ ಅವನು ಬೇಕು. ಬಿರುಗಾಳಿ ಏಳದಿದ್ದರೆ? ಕೊನೆಗೆ ಎಲ್ಲರೂ ಒಪ್ಪಿಕೊಂಡರಲ್ಲ ಎಂದು ನೀವು ಬರೆದಿದ್ದೀರಿ. ಉಪಯೋಗಕ್ಕೆ ಬಂದ ಮೇಲೆ ಒಪ್ಪಿಕೊಂಡರು, ಅದೇ ನನ್ನ ಜಗಳ. ನೀವು ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ವಾರ್ಷಿಕೋತ್ಸವಕ್ಕೆ ಇಡೀ ತರಗತಿಯ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದಿರಿ. ಹಸುವಿಗೆ ಐದು ಕಾಲು ಬರೆದವನದ್ದೂ ಇರುತ್ತಿತ್ತು. ಚೆನ್ನಾಗಿರುವುದನ್ನಷ್ಟೇ ಹಾಕಿ ಎಂದ ಹೆಡ್‌ಮಾಸ್ಟರರಿಗೆ ನೀವು ಕೊಟ್ಟ ಉತ್ತರವನ್ನು ಅಮ್ಮ ಈಗಲೂ ಹೇಳಿ ನಗುತ್ತಾಳೆ. ಅಂಥವರು ಸಾಂಟಾನ ಪಕ್ಷ ವಹಿಸುವುದೇ?

ಆದರೂ ಈ ಕಥೆಯಲ್ಲಿ ಒಂದು ದ್ವೀಪವಿದೆ. ಅದರಿಂದಾಗಿಯೇ ನಾಲ್ಕನೇ ಸ್ಥಾನ, ಇಲ್ಲದಿದ್ದರೆ ಇನ್ನೂ ಕೆಳಗಿಳಿಯುತ್ತಿತ್ತು. ಯಾವ ಮಗುವಿಗೂ ಬೇಡವಾದ ಆಟಿಕೆಗಳು ಸೇರಿಕೊಂಡಿರುವ ದ್ವೀಪ: ಚೌಕ ಗಾಲಿಯ ರೈಲು, ನೀರಿನ ಬದಲು ಜಾಮ್ ಚಿಮ್ಮುವ ಪಿಸ್ತೂಲು, ಉಷ್ಟ್ರಪಕ್ಷಿಯ ಮೇಲೆ ಕುಳಿತ ಕೌಬಾಯ್. ಮೊದಲ ವರ್ಷದ ಪ್ರಸಾರದಲ್ಲಿ ಈ ಆಟಿಕೆಗಳನ್ನು ಕರೆದೊಯ್ಯುತ್ತೇನೆಂದು ರುಡಾಲ್ಫ್ ಮಾತು ಕೊಡುತ್ತಾನೆ, ಆದರೆ ಕರೆದೊಯ್ದದ್ದನ್ನು ತೋರಿಸಿರಲಿಲ್ಲ. ನೋಡಿದವರು ಸುಮ್ಮನಿರಲಿಲ್ಲ. ಆ ಆಟಿಕೆಗಳ ಗತಿಯೇನು ಎಂದು ಕಾಗದಗಳು ಬಂದು ಬಿದ್ದವು. 1965ರ ಮರುಪ್ರಸಾರಕ್ಕೆ ಸಾಂಟಾ ಬಂದು ಅವುಗಳನ್ನು ಹತ್ತಿಸಿಕೊಳ್ಳುವ ದೃಶ್ಯವನ್ನು ಹೊಸದಾಗಿ ಮಾಡಿ ಸೇರಿಸಿದರು. ಸಾಂಟಾನಿಗಿಂತ ನೋಡುಗರೇ ಮೇಲು ಎಂದು ನನಗೆ ಅನಿಸಿದ್ದು ಆಗ. ಆ ಗುಂಪಿನಲ್ಲಿ ಒಂದು ಬಟ್ಟೆಯ ಗೊಂಬೆಯೂ ಇದೆ. ಅದಕ್ಕೆ ಏನು ಊನವೆಂದು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಅಜ್ಜಿಗೆ ಆ ಗೊಂಬೆಯನ್ನು ಕಂಡರೆ ಈಗಲೂ ಸಂಕಟ.

ರುಡಾಲ್ಫನ ಕೆಳಗೆ ಇನ್ನೆರಡು. ಐದನೆಯದು 1974ರ ‘ಸಾಂಟಾ ಇಲ್ಲದ ವರ್ಷ’. ಅದೂ ರುಡಾಲ್ಫನನ್ನು ಮಾಡಿದ ರ‍್ಯಾಂಕಿನ್-ಬ್ಯಾಸ್ ಕಂಪನಿಯದೇ. ಸಾಂಟಾನಿಗೆ ನೆಗಡಿಯಾಗಿ ಈ ವರ್ಷ ರಜೆ ಎನ್ನುತ್ತಾನೆ. ಕಥೆ ಎಲ್ಲೆಲ್ಲೋ ಅಲೆಯುತ್ತದೆ. ಆದರೆ ಚಳಿಯ ಒಡೆಯ ಮತ್ತು ಸೆಕೆಯ ಒಡೆಯ ಎಂಬ ಇಬ್ಬರು ಜಗಳಗಂಟ ಅಣ್ಣತಮ್ಮಂದಿರು ಹಾಡುತ್ತ ಬರುವ ಐದಾರು ನಿಮಿಷಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಬಹುದು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವ ನಮ್ಮ ಮನೆಯಲ್ಲಿ ಎಲ್ಲರೂ ಸೆಕೆಯವನ ಕಡೆ.

ಆರನೆಯದು 1969ರ ಫ್ರಾಸ್ಟಿ ಎಂಬ ಹಿಮಮನುಷ್ಯ. ಇದನ್ನು ಬೇಕೆಂದೇ ಬ್ರಿಟನ್ನಿನ ‘ಸ್ನೋಮ್ಯಾನ್’ ಜೊತೆ ಇಟ್ಟು ನೋಡುತ್ತೇನೆ. ಎರಡರಲ್ಲೂ ಮಕ್ಕಳು ಹಿಮದಿಂದ ಮನುಷ್ಯನನ್ನು ಮಾಡುತ್ತಾರೆ, ಅವನಿಗೆ ಜೀವ ಬರುತ್ತದೆ, ಅವನು ಕರಗುತ್ತಾನೆ. ಫ್ರಾಸ್ಟಿ ಗಾಜಿನ ಮನೆಯೊಳಗೆ ಕರಗಿ ನೀರಾಗುತ್ತಾನೆ, ಹುಡುಗಿ ಅಳುತ್ತಾಳೆ, ಸಾಂಟಾ ಬಂದು ಬಾಗಿಲು ತೆರೆದು ತಣ್ಣನೆ ಗಾಳಿ ಬಿಡುತ್ತಾನೆ, ಮರುಕ್ಷಣ ಫ್ರಾಸ್ಟಿ ಎದ್ದು ನಿಂತಿರುತ್ತಾನೆ. ಅತ್ತ ಕಣ್ಣೀರು ಒರೆಸಿಕೊಳ್ಳುವುದಕ್ಕೂ ಸಮಯ ಕೊಡುವುದಿಲ್ಲ. ಮಗನಿಗೆ ಇಷ್ಟ, ನನಗೆ ಮೋಸ ಹೋದಂತೆ ಆಗುತ್ತದೆ.

ನನ್ನ ಪಟ್ಟಿಯಲ್ಲಿ ಮೂರನೆಯದಾದ ಸ್ನೋಮ್ಯಾನ್ ಹಾಗಲ್ಲ. 1982ರ ನವೆಂಬರಿನಲ್ಲಷ್ಟೇ ಶುರುವಾಗಿದ್ದ ಬ್ರಿಟನ್ನಿನ ಚಾನೆಲ್ 4 ಅದೇ ಡಿಸೆಂಬರ್ 26ರಂದು ಇದನ್ನು ತೋರಿಸಿತು. ರೇಮಂಡ್ ಬ್ರಿಗ್ಸ್ ಅವರ ಮಾತಿಲ್ಲದ ಚಿತ್ರಪುಸ್ತಕವೇ ಆಧಾರ; ಕಾರ್ಟೂನಿನಲ್ಲೂ ಯಾರೂ ಮಾತನಾಡುವುದಿಲ್ಲ, ನಡುವೆ ಒಂದೇ ಒಂದು ಹಾಡು. ಅಮ್ಮಾ, ಇದು ನಿನಗೆ. ಇಂಗ್ಲಿಷು ಅರ್ಥವಾಗುವುದಿಲ್ಲ ಎಂದು ಎದ್ದು ಹೋಗುವ ಹಾಗಿಲ್ಲ. ಅಪ್ಪಾ, ನೀವು ಗಮನಿಸಬೇಕಾದದ್ದು ಬಣ್ಣ. ಸಾಮಾನ್ಯ ಕಾರ್ಟೂನಿನ ನುಣುಪು ಬಣ್ಣವಲ್ಲ, ಪುಸ್ತಕದ ಬಣ್ಣದ ಪೆನ್ಸಿಲಿನ ಗೀಚು ಹಾಗೇ ಕಾಣಲೆಂದು ಪ್ರತಿ ಚಿತ್ರವನ್ನೂ ಕೈಯಿಂದ ತೀಡಿದ್ದಾರೆ; ಅದಕ್ಕೇ ಪರದೆಯ ಮೇಲೆ ಗೆರೆಗಳು ಸದಾ ಸಣ್ಣಗೆ ನಡುಗುತ್ತಿರುತ್ತವೆ. ಹುಡುಗನ ಕೈಹಿಡಿದು ಹಿಮಮನುಷ್ಯ ಬ್ರೈಟನ್ ಊರಿನ ಮೇಲೆ ಹಾರಿ ಉತ್ತರಕ್ಕೆ ಹೋಗುತ್ತಾನೆ, ರಾತ್ರಿಯೊಳಗೆ ಮರಳುತ್ತಾನೆ. ಬೆಳಗಾದಾಗ ಅಂಗಳದಲ್ಲಿ ಟೋಪಿ ಮತ್ತು ಹಿಮದ ಗುಪ್ಪೆ. ಅಷ್ಟೇ, ಮುಗಿಯಿತು, ಯಾರೂ ಬಂದು ಬದುಕಿಸುವುದಿಲ್ಲ. ನಡುವೆ ಸಾಂಟಾನ ಔತಣವೊಂದನ್ನು ತುರುಕಿದ್ದಾರೆ. ಪುಸ್ತಕದಲ್ಲಿ ಸಾಂಟಾನೇ ಇಲ್ಲ, ಇಲ್ಲಿಯೂ ಬೇಕಿರಲಿಲ್ಲ. ಅದೊಂದು ಇರದಿದ್ದರೆ ಮೂರರಿಂದ ಎರಡಕ್ಕೆ ಏರಿಸುತ್ತಿದ್ದೆ.

ಎರಡನೆಯದು ಗ್ರಿಂಚ್, 1966ರದು. ಡಾಕ್ಟರ್ ಸ್ಯೂಸ್ ಪುಸ್ತಕವನ್ನು ಚಕ್ ಜೋನ್ಸ್ ಕಾರ್ಟೂನು ಮಾಡಿದ್ದು. ಬೆಟ್ಟದ ಮೇಲಿನ ಹಸಿರು ಮೈಯ ಸಿಡುಕ, ಕೆಳಗಿನ ಊರಿನ ಹಬ್ಬದ ಗದ್ದಲ ತಡೆಯಲಾರದೆ ಒಂದೇ ರಾತ್ರಿಯಲ್ಲಿ ಎಲ್ಲರ ಮನೆಯ ಉಡುಗೊರೆ, ಗಿಡ, ಊಟ ಎಲ್ಲವನ್ನೂ ಕದ್ದೊಯ್ಯುತ್ತಾನೆ. ನಿರೂಪಣೆ ಬೋರಿಸ್ ಕಾರ್ಲಾಫ್ ಅವರದು. 1931ರ ಸಿನಿಮಾದಲ್ಲಿ ಫ್ರಾಂಕನ್‌ಸ್ಟೈನನ ಭೂತವಾಗಿ ಜಗತ್ತನ್ನು ಹೆದರಿಸಿದವರು. ಲಂಡನ್ನಿನಲ್ಲಿ ಹುಟ್ಟಿದರೂ ಅವರ ವಂಶದ ಬೇರು ಬ್ರಿಟಿಷರ ಕಾಲದ ಭಾರತದಲ್ಲೂ ಇತ್ತು. ಕಥೆ ಹೇಳುವವರೂ ಅವರೇ, ಗ್ರಿಂಚನ ಮಾತೂ ಅವರದೇ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ವೇಷವಿಲ್ಲದೆ ಕುಳಿತಲ್ಲೇ ರಾವಣನನ್ನು ತಂದು ನಿಲ್ಲಿಸುವಂತೆ, ಇವರು ಬರೀ ಧ್ವನಿಯಲ್ಲೇ ಆ ಸಿಡುಕನ ಹೊಟ್ಟೆಕಿಚ್ಚನ್ನೆಲ್ಲ ತರುತ್ತಾರೆ. ಗ್ರಿಂಚನನ್ನು ಬೈಯುವ ಹಾಡು ಹಾಡಿದವರು ಥರ್ಲ್ ರೇವನ್ಸ್‌ಕ್ರಾಫ್ಟ್; ಅವರ ಹೆಸರನ್ನು ಹಾಕಲು ಮರೆತದ್ದರಿಂದ ಅದನ್ನೂ ಕಾರ್ಲಾಫರೇ ಹಾಡಿದ್ದೆಂದು ಎಷ್ಟೋ ಜನ ನಂಬಿದ್ದರು.

ಇದನ್ನು ನೀವು ನೋಡಿಲ್ಲ, ಆ ಸಂಜೆ ನಿದ್ದೆ ಮಾಡಿಬಿಟ್ಟಿರಿ. ಶಬ್ದ ಆರಿಸಿ ಒಮ್ಮೆ ನೋಡಬೇಕು. ಕೆಟ್ಟ ಯೋಚನೆ ಹೊಳೆದಾಗ ಗ್ರಿಂಚನ ಮುಖದ ಮೇಲೆ ನಗೆ ಹೇಗೆ ಸುರುಳಿಸುರುಳಿಯಾಗಿ ಹರಡುತ್ತದೆ, ಹುಬ್ಬು ಹೇಗೆ ಏಳುತ್ತದೆ! ಅವನ ಬಡಪಾಯಿ ನಾಯಿ ಮ್ಯಾಕ್ಸ್ ಒಂದು ಮಾತೂ ಆಡದೆ, ಒಂದು ನೋಟದಲ್ಲೇ ಒಡೆಯನ ಬಗ್ಗೆ ತನ್ನ ಅಭಿಪ್ರಾಯ ಹೇಳಿಬಿಡುತ್ತದೆ. ಇಷ್ಟೆಲ್ಲ ಕದ್ದರೂ ಬೆಳಿಗ್ಗೆ ಊರಿನವರು ಕೈಕೈ ಹಿಡಿದು ಹಾಡುತ್ತಾರೆ. ಅವನು ಮನಸ್ಸು ಕರಗಿ ಎಲ್ಲವನ್ನೂ ಹಿಂದಿರುಗಿಸಿದಾಗ ಕರೆದು ಊಟಕ್ಕೆ ಕೂರಿಸುತ್ತಾರೆ. ವಿಚಾರಣೆಯಿಲ್ಲ, ಷರತ್ತಿಲ್ಲ. ಹಬ್ಬ ಅಂಗಡಿಯಿಂದ ಬರುವುದಲ್ಲ ಎನ್ನುವ ಈ ಕಾರ್ಯಕ್ರಮದ ಪ್ರಾಯೋಜಕರು ಬ್ಯಾಂಕುಗಳ ಒಂದು ಒಕ್ಕೂಟ ಎಂಬುದನ್ನು ಹೇಳದೆ ಇರಲಾರೆ.

ಮೊದಲನೆಯದು ಯಾವುದೆಂದು ನಿಮಗೆ ಗೊತ್ತೇ ಇದೆ. ಪೇಟೆಯ ನಡುವೆ ನೀವು ಕೈಗವಸು ತೆಗೆದು ಮುಟ್ಟಿ ನೋಡಿದ ಕಂಚಿನ ಹುಡುಗ, ಚಾರ್ಲಿ ಬ್ರೌನ್. ಅವನನ್ನು ಬರೆದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಬೆಳೆದದ್ದು ಇದೇ ಊರಿನಲ್ಲಿ. ಅವರ ಅಪ್ಪನ ಕ್ಷೌರದಂಗಡಿ ಇಲ್ಲೇ ಇತ್ತು. ಊರಿನ ಅಭಿಮಾನವೆಂದು ನೀವು ಹೇಳುತ್ತೀರಿ. ನಿಮ್ಮ ಆಕ್ಷೇಪಗಳೂ ನೆನಪಿವೆ: ನಡೆಯುವಾಗ ಕಾಲು ಜಾರುತ್ತದೆ, ಆ ಬಡಕಲು ಗಿಡಕ್ಕೆ ಒಂದು ದೃಶ್ಯದಲ್ಲಿ ಇರುವಷ್ಟು ಕೊಂಬೆ ಇನ್ನೊಂದರಲ್ಲಿ ಇಲ್ಲ. ಎಲ್ಲ ನಿಜ. ಕೋಕಾ-ಕೋಲಾ ಕಂಪನಿ ಹಣ ಕೊಟ್ಟು ಬೇಗ ಬೇಕೆಂದಿತು, ಆರು ತಿಂಗಳಲ್ಲಿ ಮುಗಿಸಿದರು. 1965ರ ಡಿಸೆಂಬರ್ 9ರ ಪ್ರಸಾರಕ್ಕೆ ಮೊದಲು ನೋಡಿದ ಸಿಬಿಎಸ್ ವಾಹಿನಿಯವರಿಗೆ ಹಿಡಿಸಲಿಲ್ಲ. ತೀರಾ ನಿಧಾನ, ಮಕ್ಕಳ ಕಾರ್ಯಕ್ರಮಕ್ಕೆ ಜಾಝ್ ಸಂಗೀತ, ನಗೆಯ ಧ್ವನಿಮುದ್ರಿಕೆ ಇಲ್ಲ, ಸಾಲದ್ದಕ್ಕೆ ಬೈಬಲ್ಲು. ಪಾತ್ರಗಳಿಗೆ ಧ್ವನಿ ಕೊಟ್ಟವರು ನಿಜವಾದ ಮಕ್ಕಳೇ. ತಂಗಿ ಸ್ಯಾಲಿಯ ಧ್ವನಿಯ ಹುಡುಗಿಗೆ ಓದಲು ಬರುತ್ತಿರಲಿಲ್ಲ. ತುಂಡುತುಂಡಾಗಿ ಹೇಳಿಕೊಟ್ಟು ಹೇಳಿಸಿದರು. ಅವಳ ಮಾತು ಅಲ್ಲಲ್ಲಿ ತಡೆದು ಬರುವುದು ಅದಕ್ಕೇ, ನನಗೆ ಅದು ಪ್ರಿಯವಾಗಿರುವುದೂ ಅದಕ್ಕೇ. ದೇಶದಲ್ಲಿ ಅಂದು ಟಿ.ವಿ. ಹಾಕಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದನ್ನೇ ನೋಡಿದವು.

ಹಬ್ಬ ಬರುತ್ತಿದೆ, ಆದರೂ ನನಗೆ ಸಂತೋಷವಾಗುತ್ತಿಲ್ಲ ಎಂದು ಆ ಹುಡುಗ ಆರಂಭದಲ್ಲೇ ಗೆಳೆಯನಿಗೆ ಹೇಳುತ್ತಾನೆ. ದೀಪಾವಳಿಯ ದಿನ ಕಚೇರಿಗೆ ಹೋಗಿ ಬಂದ ಯಾರಿಗೂ ಈ ಮಾತಿಗೆ ಟಿಪ್ಪಣಿ ಬೇಕಿಲ್ಲ. ಹೊಳೆಯುವ ಅಲ್ಯುಮಿನಿಯಂ ಗಿಡ ತಾ ಎಂದು ಕಳಿಸಿದರೆ ಅವನು ತರುವುದು ಎಲೆ ಉದುರುತ್ತಿರುವ ಒಂದು ಸಣ್ಣ ನಿಜವಾದ ಗಿಡ. ಎಲ್ಲರೂ ನಗುತ್ತಾರೆ. ಆಮೇಲೆ ಲೈನಸ್ ಎಂಬ ಪುಟ್ಟ ಗೆಳೆಯ ವೇದಿಕೆಯ ನಡುವೆ ನಿಂತು ಲೂಕನ ಸುವಾರ್ತೆಯ ಕೆಲವು ವಾಕ್ಯಗಳನ್ನು ಬಾಯಿಪಾಠ ಹೇಳುತ್ತಾನೆ. ಎಂದೂ ಕೈಬಿಡದ ತನ್ನ ಕಂಬಳಿಯನ್ನು, ಹೆದರಬೇಡಿರಿ ಎಂಬ ಮಾತು ಬರುವಾಗ, ಸುಮ್ಮನೆ ಕೆಳಗೆ ಬಿಡುತ್ತಾನೆ. ಅದನ್ನು ಯಾರೂ ಎತ್ತಿ ತೋರಿಸುವುದಿಲ್ಲ.

ಕೊನೆಗೆ ಮಕ್ಕಳು ಆ ಗಿಡವನ್ನೇ ಸಿಂಗರಿಸುತ್ತಾರೆ. ಆಗಲೂ ಅವರಲ್ಲೊಬ್ಬಳಾದ ಲೂಸಿ ಎಂಬ ಹುಡುಗಿ ಹೇಳುವುದೇನು ಗೊತ್ತೇ? ಚಾರ್ಲಿ ಬ್ರೌನ್ ಪೆದ್ದನೇ, ಆದರೆ ಗಿಡ ಚೆನ್ನಾಗಿರುವುದನ್ನೇ ತಂದಿದ್ದಾನೆ ಎಂದು. ಅವನ ಮೂಗು ಹೊಳೆದು ಯಾರಿಗೂ ದಾರಿ ತೋರಿಸಿಲ್ಲ, ಅವನು ಏನನ್ನೂ ಗೆದ್ದಿಲ್ಲ, ಪೆದ್ದ ಎಂಬ ಬಿರುದೂ ಹೋಗಿಲ್ಲ. ಆದರೂ ಸುತ್ತ ನಿಂತು ಅವನನ್ನೂ ಸೇರಿಸಿಕೊಂಡು ಹಾಡುತ್ತಾರೆ. ಐದು ಕಾಲಿನ ಹಸುವನ್ನು ಗೋಡೆಗೆ ಅಂಟಿಸಿದವರು ಇದಕ್ಕೆ ಎರಡನೇ ಸ್ಥಾನ ಕೊಟ್ಟರೂ ನಾನು ಬಿಡುವುದಿಲ್ಲ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ನಿಲ್ಲಿಸಬೇಡಿ. ಮುಲಾಮನ್ನು ಫೆಬ್ರವರಿಯಲ್ಲಿ ಊರಿಗೆ ಬರುವ ಪರಿಚಯದವರ ಕೈಯಲ್ಲಿ ಕಳಿಸುತ್ತೇನೆ, ಅದರ ಜೊತೆಗೆ ಗ್ರಿಂಚ್ ಮತ್ತು ಸ್ನೋಮ್ಯಾನ್ ಡಿ.ವಿ.ಡಿ.ಗಳನ್ನೂ. ಅಮ್ಮಾ, ಉಪ್ಪಿನಕಾಯಿ ಮುಗಿಯುತ್ತ ಬಂದಿದೆ, ಅಪ್ಪೆಮಿಡಿ ಸಿಕ್ಕರೆ ನಮ್ಮ ಪಾಲನ್ನು ತೆಗೆದಿಡು. ನಿಮ್ಮಿಬ್ಬರ ಪಟ್ಟಿಯೂ ಬರಲಿ. ಅಮ್ಮನದನ್ನು ಅವಳ ಅಕ್ಷರದಲ್ಲೇ ಬರೆಸಿ. ಹೋದ ಸಲ ಅವಳ ಅಭಿಪ್ರಾಯವೆಂದು ನೀವು ಬರೆದದ್ದು ನಿಮ್ಮದರ ನಕಲೇ ಆಗಿತ್ತು.

ಇತಿ ನಿಮ್ಮ ಮಗಳು,
ಸುಮಾ