ಮಗಳಿಗೊಂದು ಪತ್ರ: ಕೆಂಬಾಳೆ ಬಣ್ಣದ ಬ್ರೇಕು

ಕಲಬುರಗಿ
ಭಾನುವಾರ ಸಂಜೆ

ನನ್ನವ್ವಾ,

ಮೂರು ಸಲ ಫೋನ್ ಮಾಡಿ "ಅಪ್ಪಾ, ಗಾಡಿ ಆಯ್ತಾ?" ಅಂತ ಕೇಳಿದೆ. ಮೂರು ಸಲವೂ "ಆಗ್ತಾ ಇದೆ" ಅಂದೆ. ಸುಳ್ಳೇನಲ್ಲ, ಆದರೆ ನಡುವೆ ಏನೇನಾಯ್ತು ಅಂತ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನೀನು ನಕ್ಕರೆ ನನಗೂ ನಗು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಸಣ್ಣ ಕೆಲಸ. ಪಲ್ಸರ್‌ನ ಮುಂದಿನ ಕ್ಯಾಲಿಪರ್, ಅದೇ ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಭಾಗ, ಬಣ್ಣ ಹೋಗಿ ಸುಣ್ಣ ಹಿಡಿದ ಹಾಗೆ ಬೆಳ್ಳಗಾಗಿದೆ, ಕೆಂಪು ಬಳಿದರೆ ದೊಡ್ಡ ಗಾಡಿ ಥರ ಕಾಣುತ್ತೆ ಅಂದೆ. "ಬ್ರೇಕಿಗೆ ಲಿಪ್‌ಸ್ಟಿಕ್ ಯಾಕೆ" ಅಂತ ನಾನು ಚುಚ್ಚಿದ್ದೆ, ನೆನಪಿದೆಯಾ? ಆ ಮಾತು ವಾಪಸ್ ತಗೊಂಡೆ. ಮೊದಲೇ ಹೇಳಿಬಿಡುತ್ತೇನೆ.

ಯಾಕೆ ಅಂದರೆ, ನಿನ್ನ ಬಣ್ಣದ ಹಟಕ್ಕೆ ಬಿಚ್ಚದಿದ್ದರೆ ಒಳಗಿನ ರೋಗ ಗೊತ್ತಾಗುತ್ತಲೇ ಇರಲಿಲ್ಲ. ಪ್ಯಾಡ್ ಎರಡೂ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಪಿಸ್ಟನ್ ಕಡೆಯದು ಹಪ್ಪಳದ ಹಾಗೆ ಸವೆದಿತ್ತು. ಆಚೆ ಕಡೆಯದು ಇನ್ನೂ ದಪ್ಪ ಬಿಸ್ಕಿಟ್. ಒಂದೇ ದಿನ ಹಾಕಿದ ಜೋಡಿ ಅವು! ಈ ಥರದ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಪಿಸ್ಟನ್ ಇರುವುದು ಒಂದೇ ಬದಿಗೆ. ಅದು ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತಿದ ಕೂಡಲೇ ಕ್ಯಾಲಿಪರ್ ಹಿಂದಕ್ಕೆ ಜಾರಿ ಇನ್ನೊಂದು ಪ್ಯಾಡನ್ನೂ ಎಳೆದುಕೊಂಡು ಬರುತ್ತದೆ, ಆಗಲೇ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವುದು. ನಮ್ಮದರಲ್ಲಿ ಒಂದು ಪಿನ್ ತುಕ್ಕು ಹಿಡಿದು ಕಚ್ಚಿಕೊಂಡು ಕೂತಿತ್ತು. ದೀಪಾವಳಿಗೆ ಬಂದಾಗ ನೀನು "ಬ್ರೇಕ್ ಯಾಕೋ ಸರಿಯಾಗಿ ಹಿಡಿತಿಲ್ಲ ಅಪ್ಪಾ" ಅಂದಿದ್ದೆ. ನಾನು ಆಯಿಲ್ ಕಡಿಮೆ ಇರಬೇಕು ಅಂತ ಸುಮ್ಮನಾಗಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಮೊದಲ ತಪ್ಪು ತೊಳೆಯುವಾಗಲೇ ಆಯ್ತು. ನಿಮ್ಮ ಮುತ್ಯಾ ಹೊಲದ ಪಂಪಿನ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದರು. ನಾನೂ ಹಾಗೇ ಮೂಲೆಯಲ್ಲಿದ್ದ ಹಳೆ ಬಾಟಲಿ ತೆಗೆದು, ನಿಮ್ಮವ್ವನ ಬೋಗುಣಿಗೆ ಸುರಿದು (ಅದರ ಕಥೆ ಬೇರೆ, ಆಕೆಯೇ ಹೇಳುತ್ತಾಳೆ), ಪಿನ್ನು, ಅದರ ರಬ್ಬರ್ ಬೂಟು, ಎಲ್ಲ ನೆನೆಹಾಕಿದೆ. ಬೆಳಗ್ಗೆ ನೋಡಿದರೆ ಬೂಟುಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿವೆ. ಬ್ರೇಕಿನ ರಬ್ಬರ್ ಜಾತಿಯೇ ಬೇರೆ. ಬ್ರೇಕ್ ಆಯಿಲ್‌ನಲ್ಲಿ ವರ್ಷಗಟ್ಟಲೆ ಇದ್ದರೂ ಅದಕ್ಕೆ ಏನೂ ಆಗಲ್ಲ, ಆದರೆ ಸೀಮೆಎಣ್ಣೆ, ಪೆಟ್ರೋಲ್, ಎಂಜಿನ್ ಆಯಿಲ್, ಮಾಮೂಲಿ ಗ್ರೀಸು, ಇವು ತಾಗಿದರೆ ಊದಿಕೊಳ್ಳುತ್ತದೆ. ಸೋಪಿನ ನೀರು, ಹಳೆ ಹಲ್ಲುಜ್ಜುವ ಬ್ರಶ್ಶು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ಸಲ ಒರೆಸುವುದು. ಅಷ್ಟೇ ಸಾಕಿತ್ತು. ಪಿನ್ನಿಗೆ ಈಗ ಸಿಲಿಕಾನ್ ಗ್ರೀಸ್ ಹಚ್ಚಿ ಹೊಸ ಬೂಟು ಹಾಕಿದ್ದೇನೆ. ಬೆರಳಿನಿಂದ ತಳ್ಳಿದರೆ ಬೆಣ್ಣೆಯ ಹಾಗೆ ಜಾರುತ್ತದೆ.

ಬಣ್ಣ ತರಲು ಸೂಪರ್ ಮಾರ್ಕೆಟ್ ಕಡೆ ಹೋದೆ. ಅಂಗಡಿಯವನು ಸೈಲೆನ್ಸರ್ ಬಣ್ಣದ ಡಬ್ಬಿ ಮುಂದಿಟ್ಟು "600 ಡಿಗ್ರಿ ತಡೆಯುತ್ತೆ ಅಂಕಲ್, ಬ್ರೇಕ್ ಯಾವ ಲೆಕ್ಕ" ಅಂದ. ನಾನೂ ಮರುಳಾಗಿ ತಗೊಳ್ಳುವವನಿದ್ದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರ ಓದಿದೆ. ಆ ಬಣ್ಣ ಗಟ್ಟಿಯಾಗಬೇಕು ಅಂದರೆ ಹಚ್ಚಿದ ಮೇಲೆ ಅದನ್ನು ಚೆನ್ನಾಗಿ ಕಾಯಿಸಬೇಕು. ಸೈಲೆನ್ಸರ್ ಆದರೆ ತಾನೇ ಕಾಯುತ್ತದೆ. ರಬ್ಬರ್ ಸೀಲ್ ಒಳಗಿರುವ ಕ್ಯಾಲಿಪರನ್ನು ಎಲ್ಲಿ ಇಟ್ಟು ಕಾಯಿಸುವುದು, ರೊಟ್ಟಿ ಹಂಚಿನ ಮೇಲಾ? ಕಾಯದಿದ್ದರೆ ಆ ಬಣ್ಣ ಉಗುರು ತಾಗಿದರೂ ಏಳುತ್ತದೆ. ಕೊನೆಗೆ ಕ್ಯಾಲಿಪರ್‌ಗಂತಲೇ ಬರುವ, ಗಾಳಿಗೇ ಒಣಗುವ ಡಬ್ಬಿ ತರಿಸಿಕೊಂಡೆ. ಕೆಂಪು ಅಂದರೆ ಬೆಂಕಿ ಕೆಂಪಲ್ಲ, ಕಮಲಾಪುರದ ಕೆಂಬಾಳೆ ಸಿಪ್ಪೆ ಇರುತ್ತದಲ್ಲ, ಹೆಚ್ಚೂಕಡಿಮೆ ಅದೇ ಬಣ್ಣ. ಬೇಕು ಅಂತಲೇ ಅದನ್ನು ಆರಿಸಿದೆ. ಬೀದರ್ ಬಸ್ಸಿನಲ್ಲಿ ಕಿಟಕಿಯಿಂದ ಕೈ ಹಾಕಿ ನೀನು ತಗೊಳ್ಳುತ್ತಿದ್ದ ಹಣ್ಣು ಅದೇ ತಾನೇ.

ಮನೆಯ ಗೇಟಿಗೆ ಹಚ್ಚಿ ಉಳಿದಿದ್ದ ರೆಡ್ ಆಕ್ಸೈಡ್ ಪ್ರೈಮರ್ ಇತ್ತು, ಅದು ಇಲ್ಲಿ ನಡೆಯಲ್ಲ. ಅದು ಕಬ್ಬಿಣಕ್ಕೆ. ಇದು ಅಲ್ಯೂಮಿನಿಯಂ, ಉಜ್ಜಿದ ಕೂಡಲೇ ಗಾಳಿ ತಾಗಿ ಮೇಲೊಂದು ತೆಳ್ಳನೆಯ ಪದರ ಬೆಳೆಯುತ್ತದೆ, ಮಾಮೂಲಿ ಬಣ್ಣ ಅದನ್ನು ಗಟ್ಟಿಯಾಗಿ ಹಿಡಿಯಲ್ಲ. ಬೀದರ್‌ನಲ್ಲಿ ಬಿದ್ರಿ ಹೂಜಿ ತೋರಿಸಿ "ಈ ಕಪ್ಪು ಬಣ್ಣ ಎದ್ದು ಹೋಗಲ್ವಾ ಅಪ್ಪಾ" ಅಂತ ಕೇಳಿದ್ದೆ ನೋಡು. ಅದು ಬಣ್ಣವೇ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸಿದರೆ ಸತುವಿನ ಮೈಯೇ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ನಮ್ಮ ಕ್ಯಾಲಿಪರ್‌ಗೆ ಆ ಭಾಗ್ಯ ಇಲ್ಲ. ಅದಕ್ಕೆ ಗೀರಬೇಕು. ಮೊದಲು 120 ನಂಬರ್ ಪಾಲಿಶ್ ಪೇಪರ್, ಆಮೇಲೆ 320. ತಡಮಾಡದೆ ಎಚಿಂಗ್ ಪ್ರೈಮರ್, ಅಂದರೆ ಲೋಹದ ಮೈಯನ್ನು ಸ್ವಲ್ಪ ಕೊರೆದು ಕಚ್ಚಿಕೊಳ್ಳುವಂಥದ್ದು. ಮೂಲೆಗಳಲ್ಲಿ ಬೆರಳು ಹೋಗಲ್ಲ, ಪೇಪರನ್ನು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ ಉಜ್ಜಿದೆ. ಒಂದೂವರೆ ಗಂಟೆ ಅದಕ್ಕೇ ಹೋಯ್ತು.

ಬಣ್ಣ ಹೊಡೆಯುವುದು ಹತ್ತು ನಿಮಿಷದ ಕೆಲಸ. ಎಲ್ಲೆಲ್ಲಿ ಹೊಡೆಯಬಾರದು ಅನ್ನುವುದಕ್ಕೇ ಟೈಮ್ ಜಾಸ್ತಿ. ಪಿಸ್ಟನ್ ಇರುವ ಬಾಯಿಗೆ ಬಟ್ಟೆ ತುರುಕಿದೆ. ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ತೆಗೆಯುವ ನಿಪ್ಪಲ್‌ಗೆ ಅದರ ಟೋಪಿ. ಪ್ಯಾಡಿನ ಕಿವಿಗಳು ಕೂತು ಜಾರುವ ಸಂದು ಇದೆಯಲ್ಲ, ಅಲ್ಲಿ ಒಂದು ಕೂದಲಷ್ಟು ಬಣ್ಣ ಕೂತರೂ ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಫೋರ್ಕಿಗೆ ಬೋಲ್ಟ್ ಹಾಕುವ ಮುಖಕ್ಕೂ ಬಣ್ಣ ಬೇಡ. ಬೋಲ್ಟಿನ ಕೆಳಗೆ ಸಿಕ್ಕ ಬಣ್ಣ ದಿನ ಕಳೆದಂತೆ ಅಪ್ಪಚ್ಚಿಯಾಗಿ ಬೋಲ್ಟ್ ಸಡಿಲ ಆಗುತ್ತದೆ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿದೆ. ಡಿಸ್ಕಿಗೆ ಹಳೆ ಬೆಡ್‌ಶೀಟ್ ಸುತ್ತಿದೆ.

ಇಲ್ಲಿಯ ಬಿಸಿಲು ನಿನಗೆ ಗೊತ್ತಲ್ಲ. 42 ಡಿಗ್ರಿಯಲ್ಲಿ ಮಧ್ಯಾಹ್ನ ಹೊಡೆದರೆ ಬಣ್ಣ ಲೋಹ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಹಿಟ್ಟು ಉದುರಿಸಿದ ಹಾಗೆ ತರಿತರಿಯಾಗಿ ಕೂರುತ್ತದೆ. ಅದಕ್ಕೆ ಬೆಳಗ್ಗೆ ಆರಕ್ಕೆ ಎದ್ದೆ. ಧೂಳು ಏಳದಿರಲಿ ಅಂತ ಅಂಗಳದ ಶಹಾಬಾದ್ ಕಲ್ಲಿಗೆ ನೀರು ಹೊಡೆದೆ. ನಿಮ್ಮವ್ವ ಬಾಗಿಲಲ್ಲಿ ನಿಂತು, "ಮೂವತ್ತು ವರ್ಷಕ್ಕೆ ಒಂದು ದಿನ ಅಂಗಳಕ್ಕೆ ನೀರು ಹಾಕಿದ್ರಿ, ಅದೂ ಗಾಡಿ ಸಲುವಾಗಿ" ಅಂದಳು. ಮೊದಲ ಕೋಟ್ ಮಂಜಿನಷ್ಟು ತೆಳ್ಳಗೆ, ಕೆಳಗಿನ ಲೋಹ ಕಾಣುತ್ತಲೇ ಇರಬೇಕು. ಕಾಲು ಗಂಟೆ ಬಿಟ್ಟು ಎರಡನೆಯದು. ಮತ್ತೆ ಕಾಲು ಗಂಟೆಗೆ ಮೂರನೆಯದು. ಎಷ್ಟು ಚಂದ ಬಂತು ಅಂದರೆ, ಚಹಾ ಹಿಡಿದುಕೊಂಡು ಅದರ ಮುಂದೆಯೇ ಕೂತೆ.

ಆಗ ಬಂದ ನಿನ್ನ ತಮ್ಮ.

ಕ್ಯಾಲಿಪರನ್ನು ಸೈಕಲ್ ಟ್ಯೂಬಿನಿಂದ ಹ್ಯಾಂಡಲ್‌ಗೆ ಕಟ್ಟಿ ನೇತುಹಾಕಿದ್ದೆ. ಬ್ರೇಕ್ ಆಯಿಲ್ ಬರುವ ಹೋಸ್ ಬಿಚ್ಚಿರಲಿಲ್ಲ, ಭಾರ ಅದರ ಮೇಲೆ ಬೀಳದಿರಲಿ ಅಂತ ಟ್ಯೂಬು. ಅಷ್ಟು ಜಾಣತನ ಇತ್ತು ನನಗೆ. ಆದರೆ ಪ್ಯಾಡ್ ಇರುವ ಜಾಗದಲ್ಲಿ ಒಂದು ಕಟ್ಟಿಗೆ ತುಂಡು ಇಟ್ಟಿರಲಿಲ್ಲ. ಅವನು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಾ ಬಂದು, ಗಾಡಿ ಮೇಲೆ ಕೂತು, ಚಟಕ್ಕೆ ಲಿವರ್ ಹಿಡಿದ. ಟಕ್, ಟಕ್, ಟಕ್. ಎದುರಿಗೆ ಡಿಸ್ಕ್ ಇಲ್ಲ, ಪ್ಯಾಡ್ ಇಲ್ಲ. ಪಿಸ್ಟನ್ ನಿಧಾನಕ್ಕೆ ಹೊರಗೆ ಬಂದು, ತುರುಕಿದ್ದ ಬಟ್ಟೆಯನ್ನೂ ತಳ್ಳಿಕೊಂಡು ಕಲ್ಲಿನ ಮೇಲೆ ಠಣ್ ಅಂತ ಬಿತ್ತು. ಹಿಂದೆಯೇ ಆಯಿಲ್. ಹೊಸ ಬಣ್ಣದ ಮೇಲೆಲ್ಲ ಹರಿಯಿತು. ನೋಡ್ತಾ ನೋಡ್ತಾ ಬಣ್ಣ ಹಾಲಿನ ಕೆನೆಯ ಹಾಗೆ ಮುದುಡಿತು. ನಾನು ಗಾಬರಿಯಲ್ಲಿ ಬಟ್ಟೆಯಿಂದ ಒರೆಸಿದೆ, ಪೂರ್ತಿ ಹಣ್ಣಿನ ಜಾಮ್‌ನ ಹಾಗೆ ಕೈಗೆ ಬಂತು.

ಒರೆಸಬಾರದಿತ್ತು, ನೀರು ಸುರಿಯಬೇಕಿತ್ತು. ನಮ್ಮ ಗಾಡಿಯ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಎಣ್ಣೆ ಅಂತ ಬರೀ ಹೆಸರು. ಅದು ಗ್ಲೈಕಾಲ್ ಜಾತಿ, ನೀರಿನಲ್ಲಿ ಕರಗುತ್ತದೆ, ನೀರು ಹಾಕಿದರೆ ತೊಳೆದು ಹೋಗುತ್ತದೆ. ನೀರಿನ ಮೇಲಿನ ಆ ಪ್ರೀತಿಯೇ ಅದರ ಕೆಟ್ಟ ಗುಣ ಕೂಡ. ಗಾಳಿಯಲ್ಲಿರುವ ತೇವ ಹೀರುತ್ತಾ ಕೂರುತ್ತದೆ. ಹೊಸ ಡಾಟ್ 4 ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 155. ಕುದ್ದರೆ ಒಳಗೆ ಗುಳ್ಳೆ, ಗುಳ್ಳೆ ಇದ್ದರೆ ಲಿವರ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲಲ್ಲ. ನಮ್ಮ ಗಾಡಿಯ ಆಯಿಲ್ ಡಬ್ಬಿಯಲ್ಲಿದ್ದದ್ದು ಚಹಾ ಬಣ್ಣಕ್ಕೆ ತಿರುಗಿತ್ತು. ನೀನು ರಜೆಗೆ ಬಂದಾಗ ಬಿಟ್ಟು ಹೋದ ಆ ದೊಡ್ಡ ಸಿರಿಂಜಿನಿಂದ ಅಷ್ಟೂ ಎಳೆದು ಹೊರಗೆ ಹಾಕಿದೆ. ಅದರ ಮೇಲೆ ಮಾರ್ಕರ್‌ನಲ್ಲಿ "ಬ್ರೇಕ್" ಅಂತ ಬರೆದಿದ್ದೇನೆ. ಅಪ್ಪಿತಪ್ಪಿ ನಿನ್ನ ಪಶುವೈದ್ಯ ಕಾಲೇಜಿಗೆ ಒಯ್ದು ಯಾವ ಎಮ್ಮೆಗೂ ಚುಚ್ಚಬೇಡ.

ಹೀಗೆ ಬಣ್ಣದ ಕೆಲಸ ಅಂತ ಶುರುವಾದದ್ದು ಪೂರ್ತಿ ಬ್ರೇಕ್ ಕೆಲಸ ಆಯ್ತು. ಪಿಸ್ಟನ್‌ಗೆ ಗೀರು ಬಿದ್ದಿತ್ತು, ಹೊಸದು ಹಾಕಿದೆ. ಸೀಲ್ ಕಿಟ್ ಹೊಸದು. ಹೋಸ್ ಬೋಲ್ಟಿನ ಎರಡು ತಾಮ್ರದ ವಾಷರ್ ಹೊಸವು. ಅವು ಒಮ್ಮೆ ಒತ್ತಿ ಕೂತರೆ ಮುಗೀತು, ಹಳೆಯದನ್ನೇ ಹಾಕಿದರೆ ಜಿನುಗುತ್ತದೆ. ಬಣ್ಣ ಮತ್ತೆ ಪೂರ್ತಿ ಕೆರೆದು, ಮತ್ತೆ ಪ್ರೈಮರ್, ಮತ್ತೆ ಮೂರು ಕೋಟ್. ಈ ಸಲ ಹೋಸ್ ಬಿಚ್ಚಿಟ್ಟೇ ಹೊಡೆದೆ, ಒಂದು ವಾರ ಮುಟ್ಟಲಿಲ್ಲ. ಗಾಳಿ ತೆಗೆಯುವ ಕೆಲಸ ಶಿಕ್ಷೆಯಾಗಿ ನಿನ್ನ ತಮ್ಮನಿಗೆ. "ಹಿಡಿ" ಅಂದಾಗ ಲಿವರ್ ಹಿಡಿದುಕೊಂಡೇ ಇರಬೇಕು, ನಾನು ನಿಪ್ಪಲ್ ಸಡಿಲ ಮಾಡಿ ಮುಚ್ಚಿದ ಮೇಲೆ "ಬಿಡು" ಅಂದರೆ ಬಿಡಬೇಕು. ನಲವತ್ತು ಸಲ ಆಗಿರಬೇಕು. ಪಕ್ಕದಲ್ಲಿ ಬಕೆಟ್ ನೀರು, ಮಗ್ಗು. ನಿಪ್ಪಲ್ ಬುಡದಲ್ಲಿ ಒಂದು ಹನಿ ತಪ್ಪಿ ಉಗುರಿನಷ್ಟು ಬಣ್ಣ ಹೋಗಿದೆ. ಅದನ್ನು ಹಾಗೇ ಬಿಟ್ಟೆ.

ಹಿಂದಿನ ಡ್ರಮ್ ಪ್ಲೇಟಿಗೆ ಬರೀ ಸಿಲ್ವರ್ ಹೊಡೆದಿದ್ದೇನೆ, ಹೊರಗಡೆ ಮಾತ್ರ. ಒಳಗಿನ ಬ್ರೇಕ್ ಶೂ ಪುಡಿಯನ್ನು ಗ್ಯಾರೇಜಿನವರ ಹಾಗೆ ಬಾಯಿಂದ ಊದಲಿಲ್ಲ. ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಉಸಿರಿನಲ್ಲಿ ಒಳಗೆ ಹೋದರೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಕಟ್ಟಿ ಎಸೆದೆ.

ಇನ್ನೊಂದು ವಿಷಯ ನಿನ್ನ ತಮ್ಮ ಹೇಳುವ ಮೊದಲು ನಾನೇ ಹೇಳುತ್ತೇನೆ. ಗಾಳಿ ತೆಗೆದ ಮರುದಿನ ಹಳೆ ಪ್ಯಾಡ್ ತೆಗೆದು ಹೊಸ ಪ್ಯಾಡ್ ಹಾಕಿದೆ. ಹೊಸವು ದಪ್ಪ, ಅವಕ್ಕೆ ಜಾಗ ಆಗಲಿ ಅಂತ ಪಿಸ್ಟನ್ ಹಿಂದಕ್ಕೆ ತಳ್ಳಿದ್ದೆ. ಆಮೇಲೆ ಲಿವರನ್ನು ನಾಲ್ಕೈದು ಸಲ ಹಿಡಿದು ಬಿಟ್ಟು ಪ್ಯಾಡನ್ನು ಡಿಸ್ಕಿನ ಹತ್ತಿರ ತರಬೇಕು, ಮರೆತೆ. ಗಾಡಿ ಪಕ್ಕದಲ್ಲಿ ನಡೆಯುತ್ತಾ ಬಾಗಿಲ ಮುಂದಿನ ಇಳಿಜಾರಿನಲ್ಲಿ ಇಳಿಸಿದೆ. ಲಿವರ್ ಹಿಡಿದೆ. ಹ್ಯಾಂಡಲ್‌ಗೆ ಬಂದು ಅಂಟಿತು. ಗಾಡಿ ಹೋಗಿ ಬೇವಿನ ಮರಕ್ಕೆ ಮುಂದಿನ ಚಕ್ರ ಕೊಟ್ಟಿತು. ಏನೂ ಆಗಿಲ್ಲ, ನನ್ನ ಮಾನ ಬಿಟ್ಟರೆ. ನಿಮ್ಮ ಕಾಕಾ ಎದುರು ಮನೆಯ ಕಟ್ಟೆ ಮೇಲೆ ಕೂತು ಎಲ್ಲ ನೋಡಿದ.

ಈಗ ನಾಲ್ಕು ದಿನದಿಂದ ಬೆಳಗ್ಗೆ ಅಪ್ಪನ ಕೆರೆ ತನಕ ಹೋಗಿ ಬರುತ್ತಿದ್ದೇನೆ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ. ಜೋರಾಗಿ ಹಿಡಿಯದೆ, ಮೆಲ್ಲಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಬ್ರೇಕಿನ ಹಿಡಿತ ಚೆನ್ನಾಗಿ ಬಂದಿದೆ. ಕೆರೆ ದಂಡೆಯಲ್ಲಿ ನಿಲ್ಲಿಸಿದಾಗ ಒಬ್ಬ ಹುಡುಗ ಬಗ್ಗಿ ನೋಡಿ "ಅಂಕಲ್, ಎಲ್ಲಿ ಮಾಡಿಸಿದ್ರಿ" ಅಂತ ಕೇಳಿದ. ಮಗಳು ಮಾಡಿಸಿದಳು ಅಂದೆ.

ಡಬ್ಬಿಯಲ್ಲಿ ಇನ್ನೂ ಅರ್ಧ ಬಣ್ಣ ಇದೆ. ನಿಮ್ಮವ್ವ ಹೊಲಿಗೆ ಮಷಿನ್‌ಗೆ ಬೇಕು ಅನ್ನುತ್ತಿದ್ದಾಳೆ, ಆ ಬೋಗುಣಿಯ ಲೆಕ್ಕಕ್ಕೆ ಕೊಡಲೇಬೇಕು.

ಶನಿವಾರ ರೈಲಿಗೆ ಬಾ. ಸ್ಟೇಷನ್ನಿಗೆ ಗಾಡಿ ತಗೊಂಡು ಬರುತ್ತೇನೆ, ಹೆಲ್ಮೆಟ್ ಎರಡು ತರುತ್ತೇನೆ. ನೀನು ಓಡಿಸು, ನಾನು ಹಿಂದೆ ಕೂಡುತ್ತೇನೆ. ಹೊರಡುವ ಮೊದಲು ಲಿವರ್ ಒಂದು ಸಲ ಹಿಡಿದು ನೋಡು.

ನಿನ್ನ ಅಪ್ಪ