ಮಂಜನಿಗೆ, ನುಗ್ಗೇಕಾಯಿ ವಿಚಾರವಾಗಿ

ಲೋ ಮಂಜ,

ವಾಟ್ಸಾಪಿನಲ್ಲಿ ಬರೆದರೆ ನೀಲಿ ಟಿಕ್ ಬಿಟ್ಟು ನಿನ್ನಿಂದ ಬೇರೇನೂ ಬರಲ್ಲ. ಅದಕ್ಕೇ ಊರೆಲ್ಲ ಓದೋ ಹಾಗೆ ಇಲ್ಲಿ ಹಾಕ್ತಿದ್ದೀನಿ, ಮರ್ಯಾದೆಗಂಜಿಯಾದರೂ ಉತ್ತರ ಕೊಡ್ತೀಯ. (ಉಳಿದವರಿಗೆ: ಇವನು ಒಳ್ಳೆಯವನೇ. ಚಂಬಿನ ವಿಷಯ ಒಂದು ಬಿಟ್ಟರೆ.)

ಅಪ್ಪನನ್ನು ಮನೆಗೆ ಕರಕೊಂಡು ಬಂದೆವು. ಪಿತ್ತಕೋಶದ ಕಲ್ಲು. ಈಗೆಲ್ಲ ನಾಲ್ಕು ತೂತು ಹಾಕಿ ಮರುದಿನವೇ ಕಳಿಸ್ತಾರೆ ಅಂತ ಫೋನಲ್ಲಿ ಜಂಬ ಕೊಚ್ಚಿದ್ದೆನಲ್ಲ, ಶುಗರ್ ಏರಿ, ಜ್ವರ ಬಂದು, ಒಂಬತ್ತು ದಿನ ಹಿಡಿಯಿತು.

ಪಿತ್ತಕೋಶ ಅಂದಾಗ ನನಗೆ ಮೊದಲು ನೆನಪಾದದ್ದು ಏನು ಗೊತ್ತಾ? ಆಸ್ಪತ್ರೆ ಕಟ್ಟಡಗಳ ಪ್ಲಾನ್ ಹಾಕೋ ನಾನು ಡಾಕ್ಟರುಗಳಿಗೆ ತೋರಿಸೋ ಪಿಪಿಟಿಯ ಆರನೇ ಸ್ಲೈಡು. ನೀನು ಆಕಳಿಸುತ್ತಾ ನೋಡಿದ್ದೆಯಲ್ಲ, ಅದೇ. ರೋಜರ್ ಉಲ್ರಿಚ್ ಅನ್ನೋ ಸಂಶೋಧಕ 1984ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ, ಇದೇ ಆಪರೇಷನ್ನು, ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲ. ಒಬ್ಬರ ಕಿಟಕಿಗೆ ಮರ, ಹೆಚ್ಚುಕಮ್ಮಿ ಅವರಂಥದೇ ಇನ್ನೊಬ್ಬರ ಕಿಟಕಿಗೆ ಕಂದು ಇಟ್ಟಿಗೆ ಗೋಡೆ. ಹೀಗೆ 23 ಜೋಡಿ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರದವರಿಗೆ ನೋವಿನ ಔಷಧಿಯಲ್ಲೂ ಜೋರಿನದು ಕಡಿಮೆ ಸಾಕಾಯಿತು. ಇದನ್ನು ತೋರಿಸಿ ಎಷ್ಟು ಡಾಕ್ಟರುಗಳ ತಲೆದೂಗಿಸಿದ್ದೀನೋ.

ಅಪ್ಪನ ಮಂಚ ಕಿಟಕಿ ಪಕ್ಕವೇ. ಆದರೆ ಗಾಜಿಗೆ ಐದಡಿ ಎತ್ತರದವರೆಗೂ ಮಬ್ಬು ಸ್ಟಿಕ್ಕರು. "ಪಕ್ಕದ ಮನೆಯವರು ಜಗಳ ತೆಗೆದ್ರು ಸರ್, ಪೇಶೆಂಟ್‌ಗಳು ತಾರಸಿ ನೋಡ್ತಾರೆ, ಬಟ್ಟೆ ಒಣಗಿಸೋಕಾಗಲ್ಲ ಅಂತ" ಅಂದರು ಸಿಸ್ಟರು. ಅವರದೂ ತಪ್ಪಿಲ್ಲ ಬಿಡು. ಮನೆ ಮೊದಲಿತ್ತು, ಆಸ್ಪತ್ರೆ ಆಮೇಲೆ ಬಂದು, ನಡುವೆ ಜನರೇಟರ್ ಇಡುವಷ್ಟು ಸೆಟ್‌ಬ್ಯಾಕ್ ಬಿಟ್ಟು ನಾಲ್ಕು ಮಹಡಿ ಎದ್ದು ನಿಂತಿದೆ. ಆ ಬೀದಿ ತುಂಬ ಈಗ ಮೆಡಿಕಲ್ ಸ್ಟೋರು, ಎಳನೀರು ಗಾಡಿ, ಗೇಟು ಗೇಟಿಗೂ 'ವಾಹನ ನಿಲ್ಲಿಸಬೇಡಿ'.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ, "ಆ ಮನೆಯೋರು ನುಗ್ಗೇಕಾಯಿ ಕೀಳ್ತಾನೇ ಇಲ್ವಲ್ಲೋ, ಬಲಿತೋಯ್ತವೆ" ಅಂದರು. ಜ್ವರಕ್ಕೆ ಬಡಬಡಿಸ್ತಿದ್ದಾರೆ ಅಂದುಕೊಂಡೆ. ಅವರನ್ನು ಸ್ಕ್ಯಾನಿಂಗಿಗೆ ಕರಕೊಂಡು ಹೋದಾಗ ಅವರ ದಿಂಬಿಗೆ ತಲೆಯಿಟ್ಟು ನೋಡಿದೆ. ಸ್ಟಿಕ್ಕರಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಉಗುರಿನಲ್ಲಿ ಕೆರೆದಿದ್ದರು. ಅಂಚಿನಲ್ಲಿ ಅಂಟಿನ ಸುರುಳಿ ಇನ್ನೂ ಜೋತಾಡುತ್ತಿತ್ತು. ಗ್ಲೂಕೋಸ್ ಸೂಜಿ ಚುಚ್ಚಿದ ಕೈಯದೇ ಕೆಲಸ, ಕಿಟಕಿ ಆ ಮಗ್ಗುಲಿಗಿತ್ತು. ತೂತಿನಲ್ಲಿ ಒಂದು ನುಗ್ಗೆಮರ, ನೀರಿನ ಟ್ಯಾಂಕು, ತಂತಿ ಮೇಲೆ ಸ್ಕೂಲಿನ ನೀಲಿ ಲಂಗ.

ನಿನಗೂ ಹೇಳದಿದ್ದ ಮಾತೊಂದಿದೆ. ನೀನು ಪಾಯಸ ಚೆಲ್ಲಿಕೊಂಡ ಆ ನರ್ಸಿಂಗ್ ಹೋಮಿನ ಓಪನಿಂಗು ನೆನಪಿದೆಯಲ್ಲ? ಅಲ್ಲೂ ಪಕ್ಕದ ಮನೆಯವರ ತಕರಾರಿತ್ತು. ಕಿಟಕಿಯ ದಿಕ್ಕು ಬದಲಿಸಬಹುದಿತ್ತು, ಎರಡು ಮಂಚ ಕಡಿಮೆಯಾಗುತ್ತಿತ್ತು. ನಾನು ಡ್ರಾಯಿಂಗಿನಲ್ಲಿ 'ಐದಡಿವರೆಗೆ ಫಿಲ್ಮ್' (ಇಂಥದೇ ಮಬ್ಬು ಸ್ಟಿಕ್ಕರು) ಅಂತ ಒಂದು ಸಾಲು ಗೀಚಿದೆ. ಅರ್ಧ ನಿಮಿಷದ ಕೆಲಸ. ಮಾಲೀಕರು ಬೆನ್ನು ತಟ್ಟಿದರು. ಐದಡಿ ನಿಂತವನ ಕಣ್ಣಿನ ಲೆಕ್ಕ ಕಣೋ. ಫಿನ್ಲೆಂಡಿನ ಪೈಮಿಯೊದಲ್ಲಿ ಆಲ್ವಾರ್ ಆಲ್ಟೊ ಅನ್ನೋ ಆರ್ಕಿಟೆಕ್ಟ್ ಕಟ್ಟಿದ, 1933ರಲ್ಲಿ ಶುರುವಾದ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದವನ ಕಣ್ಣಿನ ಲೆಕ್ಕ: ಛಾವಣಿಗೆ ಕಣ್ಣು ಕುಕ್ಕದ ಗಾಢ ಬಣ್ಣ, ದೀಪ ನೇರ ಕಣ್ಣಿಗೆ ಬೀಳದ ಜಾಗದಲ್ಲಿ. ಅದು ನನ್ನ ಏಳನೇ ಸ್ಲೈಡು.

ಮೊದಲ ರಾತ್ರಿ ಅಪ್ಪ ಕೇಳಿದ್ದರು, "ಹೊರಗೆ ಏನೈತೋ?" "ಏನೂ ಇಲ್ಲಪ್ಪ, ಮಲಗಿ" ಅಂದಿದ್ದೆ. ಎದ್ದು ನೋಡಿರಲಿಲ್ಲ ಮಂಜ. ಮೊಬೈಲಿನಿಂದ ತಲೆಯನ್ನೇ ಎತ್ತಿರಲಿಲ್ಲ. ಅವರು ಗಾಜು ಕೆರೆಯುವಾಗಲೂ ನಾನು ಅದೇ ಸ್ಟೂಲಿನ ಮೇಲೇ ಇದ್ದಿರಬೇಕು.

ಸಾಕು, ಇಷ್ಟು ಬರೆಯೋ ಅಂದಾಜಿರಲಿಲ್ಲ. ಬಿಲ್ಲಿನಲ್ಲಿ ಸ್ಟಿಕ್ಕರಿನ ದಂಡ ಇರಲಿಲ್ಲ, ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಈಗ ಅಪ್ಪನಿಗೆ ನುಗ್ಗೇಕಾಯಿ ಸಾರು ಬೇಕಂತೆ, ಅದೂ ಆ ಮನೆಯ ಕಾಯಿಯದೇ. ಹೋಗಿ ಏನಂತ ಕೇಳಲಿ? 'ನಿಮ್ಮ ತಾರಸಿ ನೋಡ್ತಿದ್ದದ್ದು ನಮ್ಮಪ್ಪ' ಅಂತಲಾ? ನೀನು ಜೊತೆಗೆ ಬಾ, ನಿನ್ನ ಮುಖಕ್ಕೆ ಜನ ಏನಾದರೂ ಕೊಟ್ಟು ಕಳಿಸ್ತಾರೆ. ಚಂಬು ಮಾತ್ರ ತರಬೇಡ.

ನಿನ್ನ,
ಸ್ಲೈಡು ಶಾಸ್ತ್ರಿ